ಸರ್ವಜನ ರೊಟ್ಟಿ ಪ್ರೈವೇಟ್ ಲಿಮಿಟೆಡ್

ನಲವತ್ತು ವರ್ಷ ನಾನು ಸರ್ಕಾರಗಳ ಬೆನ್ನು ಹತ್ತಿದವನು. ಕಾಲುವೆ ನೀರಿಗೆ, ಬಸ್ ಚಾರ್ಜಿಗೆ, ಗೊಬ್ಬರಕ್ಕೆ ಅಂತ ಬಳ್ಳಾರಿಯ ಡಿಸಿ ಆಫೀಸಿನ ಮುಂದೆ ಕೂತು ಕೂತು ಅಲ್ಲಿನ ಬೇವಿನ ಮರಕ್ಕೆ ನನ್ನ ಬೆನ್ನಿನ ಅಚ್ಚು ಬಿದ್ದಿದೆ. ಒಂಬತ್ತು ಸಲ ಬಂಧನ, ಮೂರು ಸಲ ಲಾಠಿ ಏಟು. ರಾಜೀನಾಮೆ ಕೇಳಿದ ಮಂತ್ರಿಗಳ ಸಂಖ್ಯೆ ಹದಿನೇಳು. ಒಬ್ಬನೂ ಕೊಡಲಿಲ್ಲ, ಆ ಮಾತು ಬೇರೆ!

ಇಂಥ ಜೋಗಪ್ಪನಾದ ನನಗೆ ಒಂದು ಮಧ್ಯಾಹ್ನ ಟೀವಿ ಮುಂದೆ ಜ್ಞಾನೋದಯವಾಯಿತು. ಕೋಟು ಹಾಕಿಕೊಂಡ ಮನುಷ್ಯನೊಬ್ಬ ಹೇಳುತ್ತಿದ್ದ: ಕಂಪನಿಗಳ ತೆರಿಗೆ ನೂರಕ್ಕೆ ಮೂವತ್ತರಿಂದ ಇಪ್ಪತ್ತೆರಡಕ್ಕೆ ಇಳಿದಿದೆ, ಸಣ್ಣ ಉದ್ದಿಮೆಗಳೂ ಕಂಪನಿ ಆದರೆ ಈ ರಿಯಾಯಿತಿ ಪಡೆಯಬಹುದು. ನಾನು ಕುರ್ಚಿಯಿಂದ ಎದ್ದೇ ನಿಂತೆ. ನೂರಕ್ಕೆ ಎಂಟು! ಧರಣಿ ಇಲ್ಲ, ರಸ್ತೆ ತಡೆ ಇಲ್ಲ, ಸುಮ್ಮನೆ ಕೊಡುತ್ತಿದ್ದಾರೆ! ದೊಡ್ಡ ದೊಡ್ಡ ಕುಳಗಳು ಬಾಚಿಕೊಳ್ಳುತ್ತಿರುವಾಗ ಕುರುಗೋಡಿನ ನಾವು ಬಾಯಿ ಬಿಟ್ಟುಕೊಂಡು ನೋಡಬೇಕೆ? ಈ ರಿಯಾಯಿತಿಯನ್ನು ನನ್ನ ಮನೆಯ ಹೊಸ್ತಿಲು ದಾಟಿಸದಿದ್ದರೆ ನಾನು ಹೋರಾಟಗಾರನೇ ಅಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ನಮ್ಮ ಮನೆಯ ಉದ್ದಿಮೆ ಅಂದರೆ ನನ್ನ ಹೆಂಡತಿ ಶಶಿರೇಖಾಳ ಜೋಳದ ರೊಟ್ಟಿ. ಹಿತ್ತಿಲಲ್ಲಿ ತಗಡಿನ ಚಪ್ಪರ, ನಾಲ್ಕು ಒಲೆ, ಐದು ಜನ ಹೆಂಗಸರು. ಇವರು ಬಡಿದ ಕಡಕ್ ರೊಟ್ಟಿ ಬಳ್ಳಾರಿಯ ಖಾನಾವಳಿಗಳಿಗೆ ಹೋಗುತ್ತದೆ, ಸಿರುಗುಪ್ಪದ ಮದುವೆಗಳಿಗೆ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ಆಕೆ ಮನೆ ನಡೆಸುತ್ತಿದ್ದಾಳೆ, ನಾನು ದೇಶ ನಡೆಸುತ್ತಿದ್ದೇನೆ.

ಅಲ್ಲಿ ಮೊದಲ ದಿನದಿಂದಲೂ ಒಂದು ಪದ್ಧತಿ ಇತ್ತು. ಆ ಐದು ಜನ ಬೆಳಿಗ್ಗೆ ಬರುವಾಗ ತಮ್ಮ ತಮ್ಮ ಮನೆಯ ಹಿಟ್ಟನ್ನು ಡಬ್ಬಿಯಲ್ಲಿ ತರುತ್ತಾರೆ. ಆರ್ಡರಿನ ರೊಟ್ಟಿ ಮುಗಿದ ಮೇಲೆ, ಒಲೆ ಆರುವ ಮುಂಚೆ, ಅದೇ ಬೆಂಕಿಯಲ್ಲಿ ತಮ್ಮ ಮನೆಯ ರೊಟ್ಟಿ ಬಡಿದುಕೊಂಡು ಹೋಗುತ್ತಾರೆ. ಕಟ್ಟಿಗೆ ಯಾರದು ಎಂದು ಯಾರೂ ಕೇಳಿದ್ದಿಲ್ಲ. "ಸಮಾಜವಾದ ನೋಡಬೇಕೆಂದರೆ ನನ್ನ ಹಿತ್ತಿಲಿಗೆ ಬನ್ನಿ!" ಎಂದು ನಾನೇ ಎಷ್ಟೋ ಭಾಷಣಗಳಲ್ಲಿ ಎದೆ ತಟ್ಟಿಕೊಂಡಿದ್ದೇನೆ.

"ಶಶೀ, ನಿನ್ನ ರೊಟ್ಟಿಗೆ ತೆರಿಗಿ ರಿಯಾಯಿತಿ ತರ್ತೀನಿ!" ಎಂದು ಒಲೆಯ ಮುಂದೆ ನಿಂತು ಘೋಷಿಸಿದೆ.

ಆಕೆ ತಲೆ ಎತ್ತಲಿಲ್ಲ. "ನಾ ತೆರಿಗಿ ಕಟ್ಟಿದ್ದ ಯಾವಾಗ್ರಿ?"

"ಕಟ್ಟಿಲ್ಲ ಅಂತನ ನಿನಗ ರಿಯಾಯಿತಿ ಸಿಕ್ಕಿಲ್ಲ!"

ಹೇಳುವಾಗ ಈ ತರ್ಕ ನನಗೆ ಉಕ್ಕಿನಂತೆ ಗಟ್ಟಿಯಾಗಿ ಕಂಡಿತು. ಶಶಿರೇಖಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅಂದಳು: "ಉರಿಯೋ ಒಲಿ ಉರಿಯಾಕ ಬಿಡ್ರಿ. ನಿಮ್ಮ ರಿಯಾಯಿತಿ ತಂದು ನೀರು ಹೊಯ್ಯಬ್ಯಾಡ್ರಿ."

ಮಾರನೇ ದಿನವೇ ಬಳ್ಳಾರಿ ಬಸ್ಸು ಹತ್ತಿದೆ. ರಾಯಲ್ ಸರ್ಕಲ್ ಹತ್ತಿರ ಮಹಡಿಯ ಮೇಲೆ ಪ್ರಭುಲಿಂಗ ಎಂಬ ಆಡಿಟರ್ ಇದ್ದಾನೆ. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

"ಮನಿಯವರಿಗೆ ವರ್ಷಕ್ಕ ಉಳಿಯೋದು ಎಷ್ಟ್ರಿ?" ಎಂದ.

"ನಾಕು ಲಕ್ಷ ಆಗಬಹುದು."

"ಹಂಗಾದ್ರ ಜೋಗಪ್ಪಾರ, ಮೊದಲ ಒಂದು ಮಾತು..."

"ಮಾತು!" ಎಂದು ನಾನು ಅವನ ಟೇಬಲ್ಲಿಗೆ ಗುದ್ದಿದೆ. "ದೊಡ್ಡೋರಿಗೆ ರಿಯಾಯಿತಿ, ನಮ್ಮಂಥೋರಿಗೆ ಮಾತು! ನಲವತ್ತು ವರ್ಷ ಇದನ್ನ ಕೇಳೀನಿ ತಮ್ಮಾ!"

ಪಾಪದ ಹುಡುಗ ಮೂರು ಸಲ ಬಾಯಿ ತೆರೆದ. ಮೂರು ಸಲವೂ ನಾನು ಒಂದೊಂದು ಭಾಷಣ ಮಾಡಿ ಮುಚ್ಚಿಸಿದೆ. ಮೂರನೆಯದಕ್ಕೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಚಪ್ಪಾಳೆ ಕೂಡ ಹೊಡೆದರು. ಕೊನೆಗೆ ಪ್ರಭುಲಿಂಗ ನಿಟ್ಟುಸಿರು ಬಿಟ್ಟು, "ಆತು ಬಿಡ್ರಿ, ಆಧಾರ್ ಕಾರ್ಡ್ ಕೊಡ್ರಿ" ಎಂದ. ಗೆದ್ದೆ ಅಂದುಕೊಂಡೆ!

ಕಂಪನಿಗೆ ಕಡಿಮೆಯೆಂದರೂ ಇಬ್ಬರು ಡೈರೆಕ್ಟರ್ ಬೇಕಂತೆ. ನಾನು ಮ್ಯಾನೇಜಿಂಗ್ ಡೈರೆಕ್ಟರ್, ಶಶಿರೇಖಾ ಬರೀ ಡೈರೆಕ್ಟರ್.

"ಮ್ಯಾನೇಜಿಂಗ್ ನೀವ್ಯಾಕ?" ಎಂದಳು.

"ಹೋರಾಟದ ಅನುಭವ ಐತಲ್ಲ."

"ರೊಟ್ಟಿ ಬಡಿಯೋ ಅನುಭವ?"

"ಅದಕ್ಕ ನೀ ಅದೀಯಲ್ಲ!"

ಸಹಿ ಹಾಕುವುದಿಲ್ಲ ಎಂದಳು. ನಾನು ಬಿಡುತ್ತೇನೆಯೇ? ನಡುಮನೆಯಲ್ಲಿ ಚಾಪೆ ಹಾಸಿ ಆಮರಣ ಉಪವಾಸ ಕೂತೆ. ಎರಡನೇ ಹೊತ್ತಿಗೇ ಸರ್ಕಾರ ಮಣಿಯಿತು. ನನ್ನ ಆತ್ಮಬಲಕ್ಕೆ ಹೆದರಿ ಅಲ್ಲ, ಮಾಡಿಟ್ಟ ಬದನೆಕಾಯಿ ಪಲ್ಯ ಹಳಸುತ್ತದೆ ಅಂತ.

ಹೀಗೆ ಹುಟ್ಟಿತು "ಸರ್ವಜನ ರೊಟ್ಟಿ ಪ್ರೈವೇಟ್ ಲಿಮಿಟೆಡ್"! ಕಂಪನಿಯ ಹೆಸರು ಹೊರಗೆ ಕಾಣುವಂತೆ ಇರಬೇಕೆಂದು ಕಾನೂನು. ಅಂಗೈಯಗಲ ಸಾಕು ಎಂದಿದ್ದ ಪ್ರಭುಲಿಂಗ. ನಾನು ಬಾಗಿಲಿಗಿಂತ ಅಗಲದ ತಗಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿ ತೂಗಿಸಿದೆ. ಸರ್ವಜನರಿಗೂ ಕಂಡಿತು. ಮೊದಲು ಬಂದವನು ನಮ್ಮದೇ ಸಂಘಟನೆಯ ತಿಪ್ಪೇಶ, ಚಂದಾ ಪುಸ್ತಕ ಹಿಡಿದುಕೊಂಡು. ಪ್ರತಿ ವರ್ಷ ನನ್ನ ಹೆಸರಿಗೆ ನೂರು ರೂಪಾಯಿ ಬರೆಯುವವನು ಬೋರ್ಡು ನೋಡಿ ಎರಡು ಸೊನ್ನೆ ಜಾಸ್ತಿ ಬರೆದ.

"ಲೇ ತಿಪ್ಪೇಶ, ಇದೇನಲೇ?"

"ಕಂಪನಿಗಳಿಂದ ಜಾಸ್ತಿ ವಸೂಲಿ ಮಾಡಬೇಕು ಅಂತ ಹೋದ ವರ್ಷ ನಿರ್ಣಯ ಆಗೇತಲ್ಲಣ್ಣ. ಮಂಡಿಸಿದಾತ ನೀನ!"

ಇಷ್ಟಕ್ಕೇ ನನಗೆ ಬುದ್ಧಿ ಬರಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಕೈಗೆ ರಬ್ಬರ್ ಸ್ಟ್ಯಾಂಪ್ ಬಂದಿತ್ತು! ನಲವತ್ತು ವರ್ಷ ಬೇರೆಯವರ ಸ್ಟ್ಯಾಂಪಿಗಾಗಿ ಬಾಗಿಲು ಕಾದವನ ಕೈಗೆ ಸ್ವಂತ ಸ್ಟ್ಯಾಂಪ್ ಸಿಕ್ಕರೆ ಏನಾಗುತ್ತದೆ ಎಂದು ನೀವೇ ಯೋಚಿಸಿ. ಗ್ಯಾಸ್ ಸಿಲಿಂಡರಿನ ಚೀಟಿಗೂ ಒತ್ತಿದೆ.

ಆ ವಾರವೇ ಶಶಿರೇಖಾ ಸಿರುಗುಪ್ಪಕ್ಕೆ ಹೋಗಿ ದೊಡ್ಡ ಆರ್ಡರ್ ಹಿಡಿದಳು. ಅಕ್ಕಿ ಗಿರಣಿ ಸಾಹುಕಾರರ ಮಗಳ ಮದುವೆ, ಎರಡು ಸಾವಿರ ಕಡಕ್ ರೊಟ್ಟಿ, ಶನಿವಾರ ಮಧ್ಯಾಹ್ನ ಟೆಂಪೋ ಹೊರಡಬೇಕು. ಅದು ಬರೋಬರಿ ಮುಟ್ಟಿದರೆ ಗಿರಣಿಯ ಕ್ಯಾಂಟೀನಿಗೂ ವರ್ಷವಿಡೀ ಇವಳದೇ ರೊಟ್ಟಿ. ಮುಟ್ಟದಿದ್ದರೆ ಹದಿನಾಲ್ಕು ವರ್ಷದ ಹೆಸರು ಒಲೆಯ ಬೂದಿ.

ಆಕೆ ಅತ್ತ ಹೋದಾಗ ಇತ್ತ ನಾನು ಕಂಪನಿಗೆ ಶಿಸ್ತು ತಂದೆ. ಕಂಪನಿಯ ಖರ್ಚೇ ಬೇರೆ, ಮನೆಯ ಖರ್ಚೇ ಬೇರೆ ಇರಬೇಕು ಎಂದು ಪ್ರಭುಲಿಂಗ ಫೋನಿನಲ್ಲಿ ಹೇಳಿದ್ದೊಂದೇ ನೆಪ. ಚಪ್ಪರದ ಕಂಬಕ್ಕೆ ನೋಟಿಸು ಅಂಟಿಸಿದೆ. ಎಂಟು ಗಂಟೆಗೆ ಹಾಜರಿ. ಪುಸ್ತಕದಲ್ಲಿ ಸಹಿ. ಕೊನೆಯದಾಗಿ, "ಕಂಪನಿಯ ಬೆಂಕಿಯಲ್ಲಿ ಸ್ವಂತ ರೊಟ್ಟಿ ಸುಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ." ಕೆಳಗೆ ಸ್ಟ್ಯಾಂಪ್, ಒಂದಲ್ಲ, ಮೂರು!

ಸಂಜೆ ಬಂದ ಶಶಿರೇಖಾ ಅದನ್ನು ಓದಿದಳು. ಆಕೆ ಬೈದರೆ ಭಯವಿಲ್ಲ, ಬೈಸಿಕೊಂಡು ರೂಢಿ ಇದೆ. ಅವತ್ತು ಒಂದು ಮಾತೂ ಆಡದೆ ಒಳಗೆ ಹೋದಳು. ಡೈರೆಕ್ಟರ್ ಒಪ್ಪಿಗೆ ಸೂಚಿಸಿದ್ದಾರೆ ಎಂದು ನಾನು ತಿಳಿದೆ. ಎಂಥ ಮುಠ್ಠಾಳ ನೋಡಿ!

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹಾಜರಿ ಪುಸ್ತಕ ಬಿಚ್ಚಿ ಚಪ್ಪರದಲ್ಲಿ ಕೂತೆ. ಯಾರೂ ಇಲ್ಲ. ಎಂಟೂವರೆ, ಇಲ್ಲ. ಒಲೆಗಳು ತಣ್ಣಗಿವೆ, ಹಿಟ್ಟಿನ ಚೀಲಗಳು ನನ್ನನ್ನೇ ನೋಡುತ್ತಿವೆ. ಅಷ್ಟರಲ್ಲಿ ಮನೆಯ ಮುಂದಿನಿಂದ ಕೇಳಿತು:

"ಬೇಕೇ ಬೇಕು!"

"ನ್ಯಾಯ ಬೇಕು!"

ಮೈಯಲ್ಲಿ ಮಿಂಚು ಹರಿಯಿತು! ಆ ಸದ್ದು ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಪುಸ್ತಕ ಬಿಸಾಕಿ, ಟವಲು ಹೆಗಲಿಗೆ ಎಸೆದುಕೊಂಡು ಓಡಿದೆ. ಯಾರು ಕೂಗಿದರು, ಯಾಕೆ ಕೂಗಿದರು ನೋಡುವಷ್ಟು ವ್ಯವಧಾನ ಎಲ್ಲಿ? ನಾನು ಬಾಗಿಲು ದಾಟುವುದಕ್ಕೂ ಒಂದು ಗಟ್ಟಿ ಹೆಣ್ಣುದನಿ ಏಳುವುದಕ್ಕೂ ಸರಿಹೋಯಿತು:

"ಬಡವರ ರೊಟ್ಟಿ ಕಸಗೊಂಡ ಮಾಲೀಕನಿಗೆ..."

ನನ್ನ ಮುಷ್ಟಿ ಆಕಾಶಕ್ಕೆ ಹಾರಿತು. "ಧಿಕ್ಕಾರ! ಧಿಕ್ಕಾರ!"

ಕೂಗಿದವನು ನಾನೊಬ್ಬನೇ. ಉಳಿದವರೆಲ್ಲ ಸುಮ್ಮನಾಗಿಬಿಟ್ಟಿದ್ದರು. ಕೈ ಎತ್ತಿಕೊಂಡೇ ಕೆಳಗೆ ನೋಡಿದೆ. ಕಟ್ಟೆಯ ಮೇಲೆ ಆ ಐದೂ ಹೆಂಗಸರು ತೊಡೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದಾರೆ. ಮುಂದೆ ಗಿಡ್ಡಮ್ಮ, ಅರವತ್ತು ದಾಟಿದ ಹೆಂಗಸು, ಮೊದಲ ದಿನದಿಂದ ಶಶಿರೇಖಾಳ ಜೊತೆ ರೊಟ್ಟಿ ಬಡಿದವಳು.

"ಅಣ್ಣಾ," ಎಂದಳು ಗಿಡ್ಡಮ್ಮ ಕನಿಕರದಿಂದ, "ಅದು ನಿನಗ ಕೂಗಿದ್ದು."

ಆಕೆಗೆ ಕೂಗಲು ಕಲಿಸಿದವನೂ ನಾನೇ. ಕಾಲುವೆ ನೀರಿನ ಹೋರಾಟದಲ್ಲಿ, "ಗಂಟಲಿಂದ ಅಲ್ಲವ್ವಾ, ಹೊಟ್ಟಿಯಿಂದ ಕೂಗು" ಎಂದು ಪಾಠ ಹೇಳಿದ್ದೆ. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು. ಬೀದಿಯ ಎರಡೂ ಕಡೆ ಜನ ಸೇರಿದ್ದರು. ತಿಪ್ಪೇಶ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ನಾನು ಗಂಟಲು ಸರಿಪಡಿಸಿಕೊಂಡು ಏನೋ ಹೇಳಲು ಹೋದೆ. ಬಾಯಿಂದ ಬಂದದ್ದು ಇದು:

"ನಿಮ್ಮ ಬೇಡಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು."

"ಈ ಮಾತು ಹೇಳಿದ ಸಾಹೇಬರ ಜೀಪಿನ ಮುಂದ ನೀ ಅಡ್ಡ ಮಲಗಿದ್ದಿ, ನೆನಪೈತೇನಣ್ಣ?" ಎಂದಳು ಗಿಡ್ಡಮ್ಮ.

ಎರಡು ಸಾವಿರ ರೊಟ್ಟಿ ಕಣ್ಣ ಮುಂದೆ ಗಿರಗಿರ ತಿರುಗಿದವು. "ಶಶೀ! ಬಾರೇ, ಇವರಿಗೆ ನೀನರ ಹೇಳು!" ಎಂದು ಒಳಮುಖವಾಗಿ ಅರಚಿದೆ.

"ಇಲ್ಲೇ ಅದೀನ್ರಿ," ಎಂಬ ದನಿ ಹೊರಗಿನಿಂದ ಬಂತು. ಗಿಡ್ಡಮ್ಮನ ಬೆನ್ನ ಹಿಂದೆ, ಸೆರಗು ತಲೆ ಮೇಲೆ ಹೊದ್ದು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ನನ್ನ ಧರ್ಮಪತ್ನಿ ಕೂತಿದ್ದಳು!

"ನೀ ಡೈರೆಕ್ಟರ್ ಅದೀ! ಈ ಕಡಿ ಇರಬೇಕು!"

"ಹದಿನಾಕು ವರ್ಷ ಇವರ ಸಾಲಿನಾಗ ಕೂತಾಕಿ. ಈಗ ಎದ್ದು ಎಲ್ಲಿಗೆ ಬರ್ಲಿ?"

ಆ ಹೊತ್ತಿಗೇ ಬೈಕಿನಲ್ಲಿ ಬಂದಿಳಿದ ಪ್ರಭುಲಿಂಗ. ಯಾವುದೋ ಕಾಗದಕ್ಕೆ ನಮ್ಮಿಬ್ಬರ ಸಹಿ ಬೇಕಿತ್ತಂತೆ. ದೇವರು ಬಂದಂತಾಯಿತು ನನಗೆ.

"ಬಾ ತಮ್ಮಾ! ಹೇಳು ಇವರಿಗೆ, ಕಂಪನಿಯಿಂದ ಎಂಥಾ ರಿಯಾಯಿತಿ ಐತಿ ಅಂತ!"

"ಹೇಳಬೋದಾ?" ಎಂದು ಅವನು ಅನುಮಾನದಿಂದ ಒಂದು ಹೆಜ್ಜೆ ಹಿಂದೆ ಸರಿದ. "ಭಾಷಣ ಮಾಡಂಗಿಲ್ಲ ಅಂದ್ರ ಹೇಳ್ತೀನ್ರಿ."

"ಮಾಡಂಗಿಲ್ಲ. ಮೊದಲು ನಮ್ಮಾಕಿ ಎಷ್ಟು ತೆರಿಗಿ ಕಟ್ತಿದ್ಲು?"

"ಸೊನ್ನಿ. ಇವರ ಗಳಿಕಿಗೆ ತೆರಿಗಿನ ಬರಂಗಿಲ್ರಿ."

"ಈಗ, ರಿಯಾಯಿತಿ ಸಿಕ್ಕಮ್ಯಾಲೆ?"

"ಲಾಭದಾಗ ನೂರಕ್ಕ ಇಪ್ಪತ್ತೆರಡು. ಕಂಪನಿಗೆ ಮೊದಲನೇ ರೂಪಾಯಿಯಿಂದಾನ ತೆರಿಗಿ ಶುರು. ಮ್ಯಾಲೆ ಸೆಸ್ಸು. ಮತ್ತ ಲಾಭ ಇರಲಿ ಬಿಡಲಿ, ವರ್ಷ ವರ್ಷ ಆಡಿಟ್ ಮಾಡಿಸಬೇಕು."

"ಮತ್ತ ರಿಯಾಯಿತಿ ಯಾರಿಗಲೇ?"

"ಮೂವತ್ತು ಕಟ್ತಿದ್ದೋರಿಗ್ರಿ. ಇದನ್ನ ಹೇಳಾಕಂತನ ಅವತ್ತು ಮೂರು ಸಲ ಬಾಯಿ ತೆಗದ್ನಿ."

ಗಿಡ್ಡಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಅಂದ್ರ ಅಣ್ಣಾ, ಅವರು ಮ್ಯಾಲಿಂದ ಇಪ್ಪತ್ತೆರಡಕ್ಕ ಇಳದಾರ, ನೀ ಕೆಳಗಿಂದ ಇಪ್ಪತ್ತೆರಡಕ್ಕ ಹತ್ತೀ!"

ಶಶಿರೇಖಾ ನಗಲಿಲ್ಲ. ಎದ್ದು ಬಂದು ಒಂದು ಕಾಗದ ನನ್ನ ಕೈಗಿಟ್ಟಳು. ಮನವಿ ಪತ್ರ! ಅಕ್ಷರ ಆಕೆಯದು, ಒಕ್ಕಣೆ ನನ್ನದು. ನನ್ನ ಹಳೆಯ ಮನವಿಯೊಂದನ್ನು ನೋಡಿ ಬರೆದಿದ್ದಳು. ಒಲೆಯ ಬೆಂಕಿ ಮೊದಲಿನಂತೆ ಎಲ್ಲರದೂ ಆಗಬೇಕು. ಹಾಜರಿ ಪುಸ್ತಕ ಅದೇ ಬೆಂಕಿಗೆ ಹೋಗಬೇಕು. ಮ್ಯಾನೇಜಿಂಗ್ ಡೈರೆಕ್ಟರ್ ಈ ಕೂಡಲೇ ರಾಜೀನಾಮೆ ನೀಡಬೇಕು.

"ಎರಡು ದಿನ ಟೈಮ್ ಕೊಡು," ಎಂದೆ ಮೆತ್ತಗೆ.

"ನಾ ಕೊಡ್ತಿದ್ನಿ. ಸಿರುಗುಪ್ಪದ ಬೀಗರು ಕೊಡಂಗಿಲ್ಲ."

ಕಂಪನಿಯನ್ನು ಮುಚ್ಚುವುದು ತೆರೆದಷ್ಟು ಸಸಾರವಲ್ಲ, ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಇನ್ನೊಬ್ಬ ಡೈರೆಕ್ಟರ್ ಬೇಕೇ ಬೇಕು ಎಂದ ಪ್ರಭುಲಿಂಗ. ಗಿಡ್ಡಮ್ಮ ತನ್ನ ಆಧಾರ್ ಕಾರ್ಡನ್ನು ಡಬ್ಬಿಯೊಳಗೆ ಹಿಟ್ಟಿನ ಮೇಲೆ ಸಿದ್ಧವಾಗಿಟ್ಟುಕೊಂಡೇ ಬಂದಿದ್ದಳು! ರೊಟ್ಟಿ ಎಂದಿನಂತೆ ಶಶಿರೇಖಾಳ ಹೆಸರಿನಲ್ಲೇ ಹೋಗಲಿ, ಕಂಪನಿ ಕಾಗದದಲ್ಲೇ ಮಲಗಿರಲಿ ಎಂದಾಯಿತು. ನಾನು ಕಟ್ಟೆಯ ಮೇಲೆ ಕೂತು ರಾಜೀನಾಮೆ ಬರೆದು, ಕೊನೆಯ ಸಲ ಸ್ಟ್ಯಾಂಪ್ ಒತ್ತಿದೆ. ಹದಿನೇಳು ಮಂತ್ರಿಗಳನ್ನು ಕೇಳಿ ಕೇಳಿ ಗಂಟಲು ಹರಿದುಕೊಂಡವನಿಗೆ ನಲವತ್ತು ವರ್ಷದಲ್ಲಿ ಸಿಕ್ಕ ಮೊದಲ ರಾಜೀನಾಮೆ, ಸ್ವಾಮಿ, ನನ್ನದೇ!

ಐದು ನಿಮಿಷದಲ್ಲಿ ನಾಲ್ಕೂ ಒಲೆ ಹೊತ್ತಿದವು. ಬೋರ್ಡು ಇಳಿದು ಒಲೆಗೆ ಗಾಳಿ ತಡೆಯುವ ಮರೆಯಾಯಿತು. ಬೋರ್ಡು ಹೊರಗೆ ಕಾಣಬೇಕೆಂದು ಪ್ರಭುಲಿಂಗ ಗೊಣಗಿದರೆ, "ಒಲಿ ಹೊರಗ ಐತಲ್ಲ ತಮ್ಮಾ!" ಎಂದಳು ಹೊಸ ಡೈರೆಕ್ಟರ್. ಶುಕ್ರವಾರವಿಡೀ, ಶನಿವಾರ ಬೆಳಗಿನಿಂದ ಮತ್ತೆ, ಪಟಪಟ ಪಟಪಟ ರೊಟ್ಟಿ ಬಡಿದದ್ದೇ ಬಡಿದದ್ದು. ಮಾಜಿ ಮ್ಯಾನೇಜಿಂಗ್ ಡೈರೆಕ್ಟರ್ ಕಟ್ಟಿಗೆ ಹೊತ್ತ, ನೀರು ಹೊತ್ತ, ಬುಟ್ಟಿ ಹೊತ್ತು ಟೆಂಪೋಗೆ ತುಂಬಿದ. ಮಧ್ಯಾಹ್ನ ಒಂದಕ್ಕೆ ಎರಡು ಸಾವಿರ ರೊಟ್ಟಿ ಸಿರುಗುಪ್ಪದ ದಾರಿ ಹಿಡಿದವು, ಒಂದೂ ಮುರಿಯದೆ.

ಆರುವ ಬೆಂಕಿಯ ಸುತ್ತ ಹೆಂಗಸರು ಡಬ್ಬಿ ಬಿಚ್ಚಿ ತಮ್ಮ ಮನೆಯ ರೊಟ್ಟಿ ಬಡಿಯತೊಡಗಿದರು. ಆ ವಾಸನೆಗೆ ನನ್ನ ಹೊಟ್ಟೆ ಘೋಷಣೆ ಕೂಗತೊಡಗಿತು. ತಟ್ಟೆ ಹಿಡಿದು ಹೆಂಡತಿಯ ಪಕ್ಕ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತೆ.

"ನಿಮ್ಮ ಹಿಟ್ಟಿನ ಡಬ್ಬಿ ಎಲ್ಲೈತ್ರಿ?" ಎಂದಳು ಶಶಿರೇಖಾ, ಹಂಚಿನಿಂದ ಕಣ್ಣೆತ್ತದೆ.

"ನಾ... ತಂದಿಲ್ಲ."

"ಹಂಗಾದ್ರ ಒಂದು ಮನವಿ ಬರದು ಕೊಡ್ರಿ. ಸಹಾನುಭೂತಿಯಿಂದ ಪರಿಶೀಲಿಸ್ತೀವಿ."