ಕಾಕಾನ ಬಿಸಿಗಾಳಿ ಡಬ್ಬಿ

ನಮ್ಮ ಕಾಕಾನಷ್ಟು ಜಾಣ ಇಡೀ ಪುಣೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದು ನನ್ನ ಮಾತಲ್ಲ, ಕಾಕಾನದೇ. ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದುದರಿಂದ ಮನೆಯವರೆಲ್ಲ ನಂಬಿಬಿಟ್ಟಿದ್ದೆವು, ಅವನ ಹೆಂಡತಿ ಕಾಕು ಒಬ್ಬಳನ್ನು ಬಿಟ್ಟು.

ಬೆಳಗಾವಿಯಿಂದ ಬಂದು ಶನಿವಾರ ಪೇಟೆಯಲ್ಲಿ ಮನೆ ಮಾಡಿದ್ದ ಕಾಕಾ ದೇಹೂ ರೋಡಿನ ಲಷ್ಕರಕ್ಕೆ ಕಾಯಿಪಲ್ಲೆ ಪೂರೈಸುತ್ತಿದ್ದ. ಯುದ್ಧ ಮುಗಿದು ವಿಲಾಯತಿಗೆ ಹೊರಟಿದ್ದ ಒಬ್ಬ ಬಿಳಿ ದೊರೆ ತನ್ನ ಹಳೇ ಮೋಟಾರನ್ನು ಇವನ ಕೊರಳಿಗೆ ಕಟ್ಟಿ ಹೋದ. ಅದರೊಳಗೆ ಕಾಲಿನ ಹತ್ತಿರ ಒಂದು ಡಬ್ಬಿ. ಗುಂಡಿ ತಿರುವಿದರೆ ಬಿಸಿಗಾಳಿ ಊದುತ್ತದಂತೆ! ಪುಣೆಯಂಥ ಊರಿನಲ್ಲಿ ಬಿಸಿಗಾಳಿಯನ್ನು ಯಾರಾದರೂ ದುಡ್ಡು ಕೊಟ್ಟು ತರುತ್ತಾರೆಯೇ? ವೈಶಾಖದಲ್ಲಿ ಬೇಕಾದಷ್ಟು ಪುಕ್ಕಟೆ ಸಿಗುವುದಿಲ್ಲವೇ?

ಆದರೆ ಕಾಕಾನ ಲೆಕ್ಕವೇ ಬೇರೆ. ಕಾಕುವಿಗೆ ದಮ್ಮಿನ ಬೇನೆ. ಥಂಡಿಗಾಳಿ ಸೋಕಿದರೆ ಸಾಕು, ಉಸಿರು ಕಟ್ಟುತ್ತಿತ್ತು. ಕಾರ್ತಿಕದ ನಸುಕಿನಲ್ಲಿ ನದಿಯ ದಂಡೆಯ ವಿಠೋಬನ ಗುಡಿಯಲ್ಲಿ ಕಾಕಡಾರತಿ ಆಗುತ್ತದಲ್ಲ, ಅದೆಂದರೆ ಅವಳಿಗೆ ಪ್ರಾಣ. ಬೇನೆ ಹೆಚ್ಚಾದ ಮೇಲೆ ಅದನ್ನೇ ಬಿಡಬೇಕಾಗಿ ಬಂದಿತ್ತು. ಆ ಹೊತ್ತಿಗೆ ಹಾಸಿಗೆಯಲ್ಲೇ ಎದ್ದು ಕೂತು ಕೈಮುಗಿಯುತ್ತಿದ್ದಳು.

"ಈ ಸಲ ಹುಣ್ಣಿಮಿ ಒಳಗ ನಿನ್ನ ವಿಠೋಬನ ಮುಂದ ನಿಂದರಸ್ತೀನಿ ನೋಡು," ಎಂದ ಕಾಕಾ.

"ಮೊದಲ ಮೋಟಾರ ನಿಂದರಸೂದು ಕಲೀರಿ," ಎಂದಳು ಕಾಕು. ಹಿಂದಿನ ದಿನವಷ್ಟೇ ಅದು ಎದುರು ವಾಡೆಯವರ ತುಳಸಿಕಟ್ಟೆಗೆ ತಾಗಿ ನಿಂತಿತ್ತು.

ಮೊದಲ ಪರೀಕ್ಷೆಗೆ ಬಲಿಯಾಗಿ ನಾನು ಕೂತೆ. ಕಾಕಾ ಗುಂಡಿ ತಿರುವಿದ. ಗಾಳಿ ಭರ್ರನೆ ಬಂತು. ಎಂಥ ಗಾಳಿ ಅಂತೀರಿ! ನನ್ನ ಹಲ್ಲು ಕಟಕಟ ಅನ್ನತೊಡಗಿದವು.

"ಬಿಸಿ ಬರ್ಲಿಕ್ಕತ್ತದ ಅಲ್ಲ?"

"ಇಲ್ಲ ಕಾಕಾ, ಭಾಳ ಥಂಡಿ ಅದ."

"ಅದು ವಿಲಾಯತಿ ಬಿಸಿ. ಅವರ ಥಂಡಿಗೆ ಅಷ್ಟ ಸಾಕು."

ಮರುದಿನ ಡಬ್ಬಿಯೊಳಗಿನ ಪಂಖಾ ಉಲ್ಟಾ ತಿರುಗುತ್ತಿದೆ ಎಂದು ತಂತಿ ಅದಲುಬದಲು ಮಾಡಿದ. ಗಾಳಿ ಬರುವುದೇ ನಿಂತಿತು. ಥಂಡಿಯನ್ನಂತೂ ಗೆದ್ದೆ ಎಂದು ಅದಕ್ಕೂ ಒಂದು ಚಹಾ ಕುಡಿದ. ಕಡೆಗೆ ಮೋಟಾರು ಮಿಸ್ತ್ರಿಯನ್ನು ಕರೆಸಿದೆವು. ಇಂಜಿನ್ನಿನಲ್ಲಿ ಕಾದ ನೀರು ಒಂದು ನಳಿಗೆಯಿಂದ ಡಬ್ಬಿಗೆ ಬಂದು ಇನ್ನೊಂದರಿಂದ ಮರಳಬೇಕಂತೆ. ಒಂದು ನಳಿಗೆ ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ನಡುವೆ ಗಾಳಿ ಸಿಕ್ಕಿಕೊಂಡಿದೆ ಎಂದು ಮಿಸ್ತ್ರಿ ಮರಾಠಿಯಲ್ಲಿ ಹೇಳಿ, ನಳಿಗೆ ಸಡಿಲಿಸಿ ಗಾಳಿ ಬಿಟ್ಟ. ಡಬ್ಬಿ ಬೆಚ್ಚಗೆ ಊದಿತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಥಂಡಿ! ಮಿಸ್ತ್ರಿ ಮತ್ತೆ ಬಂದ, ಮತ್ತೆ ಬೆಚ್ಚಗಾಯಿತು, ಮತ್ತೆ ತಣ್ಣಗಾಯಿತು. ಹುಣ್ಣಿಮೆ ನಾಳೆ ಎನ್ನುವಷ್ಟು ಹತ್ತಿರ ಬಂತು. ಕಾಕಾನಿಗೆ ಊಟ ಸೇರದಾಯಿತು.

ಆ ಬೆಳಿಗ್ಗೆ ಕಾಕು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ, ಕಾಕಾ ಮೋಟಾರಿನ ನೀರನ್ನೆಲ್ಲ ಅಂಗಳಕ್ಕೆ ಹರಿಬಿಟ್ಟು ಕೊಡ ಹಿಡಿದು ನಿಂತಿದ್ದಾನೆ.

"ಏನ ಮಾಡ್ಲಿಕ್ಕತ್ತೀರಿ?"

"ತಂಗಳ ನೀರು ಚೆಲ್ಲಿ ಹೊಸಾ ನೀರು ತುಂಬತೀನಿ. ಮೋಟಾರು ನಮ್ಮ ಮನೀದ ಅಲ್ಲೇನು?"

ನಮ್ಮ ಮನೆಯಲ್ಲಿ ರಾತ್ರಿ ಕಳೆದ ನೀರನ್ನು ಯಾರೂ ಬಾಯಿಗೆ ಹಚ್ಚುತ್ತಿರಲಿಲ್ಲ. ಬೆಳಗಾದರೆ ಹಂಡೆ, ಕೊಡ, ತಂಬಿಗೆ ಎಲ್ಲ ಬರಿದಾಗಿ ಹೊಸದಾಗಿ ತುಂಬಬೇಕು. ಮೋಟಾರಿಗೂ ಕಾಕಾ ಅದೇ ಮಡಿ ಕಲಿಸಿದ್ದ!

ಕಾಕು ಹಣೆ ಹಣೆ ಬಡಿದುಕೊಂಡಳು. "ಖಾಲಿ ನಳಿಗ್ಯಾಗ ನೀರು ಹೊಯ್ದರ ಗಾಳಿ ಒಳಗ ಕೂಡೂದಿಲ್ಲೇನ್ರಿ? ಮುಂಜಾನೆ ಆ ಗಾಳಿ ನೀವ ತುಂಬತೀರಿ, ಮಧ್ಯಾಹ್ನ ಮಿಸ್ತ್ರಿ ಕಡಿಂದ ತೆಗಸ್ತೀರಿ."

"ಹಂಗಾರ ತಂಗಳ ನೀರು ಇಟಗೋಬೇಕಂತೀ?"

"ಇಟಗೋರಿ. ಅದನ್ನೇನು ನಾ ಕುಡಿಯೂದಿಲ್ಲ."

ಮಿಸ್ತ್ರಿ ಇನ್ನೊಮ್ಮೆ ಬಂದು ಹೋದ. ಹುಣ್ಣಿಮೆಯ ನಸುಕಿನಲ್ಲಿ ಹಿಂದಿನ ದಿನದ ನೀರಿನಿಂದಲೇ ಮೋಟಾರು ಹೊರಟಿತು. ಡಬ್ಬಿ ಹದವಾಗಿ ಊದುತ್ತಿತ್ತು. ಕಾಕು ಶಾಲು ಸಡಿಲಿಸಿ, "ಹೌದಲ್ಲರಿ, ಬೆಚ್ಚಗದ," ಎಂದಳು. ಮದುವೆಯಾದಂದಿನಿಂದ ಅಷ್ಟು ದೊಡ್ಡ ಹೊಗಳಿಕೆ ಕಾಕಾನ ಕಿವಿಗೆ ಬಿದ್ದಿರಲಿಲ್ಲ.

ಗುಡಿಯ ಮುಂದೆ ಮೋಟಾರು ನಿಂತು ಅದರ ಬಾಗಿಲು ತೆರೆದದ್ದೇ ತಡ, ನದಿಯ ಗಾಳಿ ನುಗ್ಗಿತು. ಒಂದು ಕಾಲು ಕೆಳಗಿಟ್ಟ ಕಾಕುವಿಗೆ ಕೆಮ್ಮು ಹತ್ತಿತು, ಉಸಿರು ಸಿಗದಾಯಿತು. ಕಾಕಾ ಗಡಬಡಿಸಿ ಅವಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ. ಗುಡಿಯ ಮೆಟ್ಟಿಲು ಕಣ್ಣೆದುರಿಗೇ ಇದ್ದವು. ಮೋಟಾರಿನಿಂದ ಮೆಟ್ಟಿಲವರೆಗೆ ಬಿಸಿಗಾಳಿ ಒಯ್ಯುವ ಡಬ್ಬಿಯನ್ನು ಯಾವ ದೊರೆಯೂ ಮಾಡಿರಲಿಲ್ಲ. ಅವಳು ಗಾಜಿಗೆ ಹಣೆ ಹಚ್ಚಿ ಕೂತಳು. ಗುಡಿಯೊಳಗೆ ಗಂಟೆಗಳು ಮೊಳಗತೊಡಗಿದವು.

ಕಾಕಾ ಗುಡಿಯೊಳಗೆ ಓಡಿದ. ಆರತಿ ಮುಗಿದಾಗ ಜನರನ್ನು ಸರಿಸುತ್ತ ಓಡಿಯೇ ಬಂದ, ಎರಡೂ ಅಂಗೈಗಳನ್ನು ಜೋಡಿಸಿ ಹಕ್ಕಿಮರಿ ಹಿಡಿದವನ ಹಾಗೆ ಮುಚ್ಚಿಕೊಂಡು. ನಾನು ಬಾಗಿಲು ತುಸುವೇ ತೆರೆದೆ. ಹೆಂಡತಿಯ ಹೆಸರನ್ನೂ ನಾಲ್ವರ ಮುಂದೆ ಎತ್ತದ ಮನುಷ್ಯ, ಇಡೀ ಪೇಟೆ ನೋಡುತ್ತಿರುವಾಗ ಆ ಅಂಗೈಗಳನ್ನು ಕಾಕುವಿನ ಗಲ್ಲಗಳಿಗೆ ಹಚ್ಚಿದ.

"ಆರತಿ ಬಿಸಿ ಅದ. ಆರೂದ್ರೊಳಗ ತಗೋ."

ಒಳಗೆ ಬಾಗುವಾಗ ಅವನ ಬೆರಳು ನನ್ನ ಕೈಗೆ ತಾಗಿದ್ದವು. ಕೊರೆಯುವಷ್ಟು ತಣ್ಣಗಿದ್ದವು.

ಕಾಕು ಕಣ್ಣು ಮುಚ್ಚಿ ಆ ಕೈಗಳನ್ನು ತನ್ನ ಕೈಗಳಿಂದ ಒತ್ತಿ ಹಿಡಿದಳು.

"ಭಾಳ ಬಿಸಿ ಅವ ರೀ," ಎಂದಳು.