ಕ್ಯಾಪ್ಟನ್ ಸಾಹೇಬರಿಗೆ ಹುಣಸೆಹಣ್ಣು

ನಾನು ಶಿಸ್ತಿನ ಮನುಷ್ಯ. ತಪ್ಪದೆ ದಿನಚರಿ ಬರೆಯುತ್ತೇನೆ. ಪುಟದ ಎಡಕ್ಕೆ ಅಂದು ಮಾಡಿದ ಸರಿ, ಬಲಕ್ಕೆ ಮಾಡಿದ ತಪ್ಪು. ಕತಾರಿಗೆ ಬಂದಂದಿನಿಂದ ಬಲಭಾಗ ಹೆಚ್ಚುಕಡಿಮೆ ಖಾಲಿಯೇ ಇತ್ತು. ಇಂಗ್ಲೆಂಡಿನ ಒಂದು ಚರ್ಚು ಅದನ್ನು ಒಂದೇ ಮಧ್ಯಾಹ್ನದಲ್ಲಿ ತುಂಬಿಸಿತು!

ದೋಹಾದ ನಮ್ಮ ಕಚೇರಿಯ ಮ್ಯಾನೇಜರ್ ಟಿಲ್‌ಬ್ರೂಕ್ ಸಾಹೇಬರು ಇಂಗ್ಲೆಂಡಿನವರು. ಮೈಸೂರಿನಲ್ಲಿದ್ದ ನನ್ನ ಹೆಂಡತಿ ವಸುಧಾಳಿಗೆ ಫ್ಯಾಮಿಲಿ ವೀಸಾ ಸಿಗಬೇಕಾದರೆ ಅವರ ಸಹಿ ಬೇಕು. ಮದುವೆಯಾಗಿ ವರ್ಷ ಕಳೆದಿತ್ತು. ನಮ್ಮ ದಾಂಪತ್ಯವೆಲ್ಲ ಟೆಲಿಫೋನ್ ಕಾರ್ಡಿನಲ್ಲೇ ನಡೆಯುತ್ತಿತ್ತು. ಅಷ್ಟರಲ್ಲಿ ಕಂಪನಿ ನನ್ನನ್ನು ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಲು ತೀರ್ಮಾನಿಸಿತು. ಸಾಹೇಬರು ಕರೆದರು.

"ನಮ್ಮ ಹಳ್ಳಿಯ ಚರ್ಚಿನಲ್ಲಿ ನನ್ನ ಪೂರ್ವಜರೊಬ್ಬರ ಸ್ಮಾರಕವಿದೆ. ಕ್ಯಾಪ್ಟನ್ ಆಗಿದ್ದರು. ನಿಮ್ಮೂರಿನ ಪಕ್ಕದಲ್ಲೇ, ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಒಂದು ಒಳ್ಳೆಯ ಫೋಟೋ ತೆಗೆದುಕೊಂಡು ಬಾ. ಬಂದಮೇಲೆ ನಿನ್ನ ಕಾಗದ ನೋಡೋಣ."

ತೀರಿಕೊಂಡರಂತೆ! ಉಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂಬಂತೆ. ಕೋಟೆಗೆ ಮುತ್ತಿಗೆ ಹಾಕಲು ಹೋಗಿದ್ದರೆಂಬುದನ್ನು ಸಾಹೇಬರು ಹೇಳಲಿಲ್ಲ. ವೀಸಾ ಬೇಕಾಗಿದ್ದ ನಾನೂ ನೆನಪಿಸಲಿಲ್ಲ.

ನನ್ನ ರೂಮ್‌ಮೇಟ್ ವಲೇರಿಯನ್ ಮಂಗಳೂರಿನ ಕ್ರೈಸ್ತ. ಅವನು ಉಪದೇಶ ಮಾಡಿದ: "ಅಲ್ಲಿ ಶೂ ತೆಗಿಬೇಡ ಮಾರಾಯ. ಪ್ರದಕ್ಷಿಣೆ ಬರಬೇಡ. ತೀರ್ಥ ಎಲ್ಲಿ ಅಂತ ಕೇಳ್ಬೇಡ. ಫೋಟೋ ತೆಗಿ, ಖಲಾಸ್, ವಾಪಸ್ ಬಾ."

"ಅಷ್ಟೂ ಗೊತ್ತಾಗಲ್ವೇನೋ ನನಗೆ?" ಎಂದೆ.

ಶನಿವಾರ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ನೂರಾರು ವರ್ಷದ ಕಲ್ಲಿನ ಚರ್ಚು. ಬಾಗಿಲು ಕಂಡದ್ದೇ ತಡ, ನನ್ನ ಅಪ್ಪಣೆಗೂ ಕಾಯದೆ ಕಾಲುಗಳು ಶೂ ಕಳಚಿಬಿಟ್ಟವು. ಒಳಗೆ ನೆಲ ಮಂಜುಗಡ್ಡೆ! ಅದಕ್ಕಿಂತ ದೊಡ್ಡ ಸಂಕಟವೆಂದರೆ, ನೆಲದ ಕಲ್ಲುಗಳ ಮೇಲೆಲ್ಲ ಸತ್ತವರ ಹೆಸರು ಕೆತ್ತಿದ್ದರು. ಅಕ್ಷರ ತುಳಿದರೆ ಸರಸ್ವತಿ ಮುನಿಯುತ್ತಾಳೆಂದು ಕಲಿತು ಬೆಳೆದವನು ನಾನು. ಖಾಲಿ ಕಲ್ಲಿನಿಂದ ಖಾಲಿ ಕಲ್ಲಿಗೆ ಹಾರುತ್ತಾ, ತಪ್ಪಿ ತುಳಿದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾ ಮುನ್ನಡೆದೆ.

ಚರ್ಚನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಹೂ ಜೋಡಿಸುವುದನ್ನು ನಿಲ್ಲಿಸಿ ನೋಡಿದರು.

"ಕಾಲಿಗೇನಾಗಿದೆ ಮಗು? ಪಾಪ! ಕೂತುಕೋ, ಚಹಾ ಮಾಡೋಣ."

ಬಿಸಿನೀರಿನ ಫ್ಲಾಸ್ಕನ್ನು ನನ್ನ ಪಕ್ಕದಲ್ಲಿಟ್ಟು, ಹಾಲು ತರಲು ಮನೆಗೆ ಹೋದರು. ಇಡೀ ಪ್ರಕರಣದಲ್ಲಿ ಆ ಅಜ್ಜಿ ಮಾಡಿದ ತಪ್ಪು ಇದೊಂದೇ.

ಸ್ಮಾರಕ ಸಿಕ್ಕಿತು. ಗೋಡೆಗೆ ಕೂರಿಸಿದ ಹಿತ್ತಾಳೆ ತಗಡು ತಳ ಹತ್ತಿದ ಬಾಣಲೆಯ ಹಾಗೆ ಕಪ್ಪಾಗಿತ್ತು. ಕಣ್ಣು ಕಿರಿದು ಮಾಡಿಕೊಂಡು ಓದಿದೆ. ಶೂರರು, ದಯಾಳುಗಳು, 'ಅಲ್ಲಿನ ಸ್ಥಳೀಯರ ಪ್ರೀತಿಗೆ ಪಾತ್ರರು'! ನಮ್ಮ ಕಡೆಯವರು ಅವರಿಗೆ ಗುಂಡು ಹಾರಿಸಿದ್ದು ಪ್ರೀತಿ ತಡೆಯಲಾರದೆ ಇರಬೇಕು.

ಆದರೆ ಈ ಕಪ್ಪು ತಗಡಿನ ಫೋಟೋ ತೆಗೆದುಕೊಂಡು ಹೋದರೆ ಯಾವ ಸಾಹೇಬರು ಸಹಿ ಹಾಕುತ್ತಾರೆ? ಹಿತ್ತಾಳೆ ಕಪ್ಪಾದರೆ ಏನು ಮಾಡಬೇಕೆಂದು ನಮಗೆ ಹೇಳಿಕೊಡಬೇಕೆ? ನಾನಿಳಿದಿದ್ದ ಮನೆಯ ಒಡತಿ ಸಾರಿನ ಘಮಕ್ಕೆ ಬೆಚ್ಚಿ ನನ್ನ ಹುಣಸೆಹಣ್ಣು, ಉಪ್ಪುಗಳನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದರಿಂದ ಅವೆಲ್ಲ ನನ್ನ ಹೆಗಲ ಚೀಲದಲ್ಲೇ ಇದ್ದವು. ಫ್ಲಾಸ್ಕಿನ ನೀರಿನಲ್ಲಿ ಹುಣಸೆ ಕಿವುಚಿದೆ. ಉಪ್ಪು ಬೆರೆಸಿದೆ. ಕರವಸ್ತ್ರ ಸುತ್ತಿ ಉಜ್ಜಿದೆ. ಉಳಿದ ಬಿಸಿನೀರನ್ನು ಮೇಲಿನಿಂದ ಸುರಿದೆ. ಆಹಾ! ದೀಪಾವಳಿಯ ದೀಪದ ಕಂಬ ಅದರ ಮುಂದೆ ಏನೂ ಅಲ್ಲ. ಫಳಫಳ! ಹೆಮ್ಮೆಯಿಂದ ಫ್ಲಾಶ್ ಹಾಕಿ ಫೋಟೋ ತೆಗೆದೆ.

ಅಜ್ಜಿ ಬಂದರು. ಕೈಯಲ್ಲಿದ್ದ ಹಾಲು ನೆಲಕ್ಕೆ ಬಿತ್ತು.

"ಏನು ಮಾಡಿಬಿಟ್ಟೆ!"

"ತೊಳೆದೆ ಮೇಡಂ. ಪಾಪ, ಇಷ್ಟು ವರ್ಷ ಯಾರೂ ತೊಳೆದೇ ಇರಲಿಲ್ಲ."

"ನಾವೇ ಯಾರಿಗೂ ತೊಳೆಯಲು ಬಿಟ್ಟಿರಲಿಲ್ಲ!"

"ನಾನೂ ಅದನ್ನೇ ಹೇಳಿದ್ದು ಮೇಡಂ."

ಆಮೇಲೆ ನೋಡುತ್ತೇನೆ, ತಗಡಿನಲ್ಲಿ ಕೊರೆದ ಅಕ್ಷರಗಳಿಗೆ ತುಂಬಿದ್ದ ಕರಿ ಅರಗು ಬಿಸಿನೀರಿಗೆ ಕರಗಿ, ಹುಣಸೆರಸದ ಜೊತೆ ನನ್ನ ಕಾಲುಚೀಲಕ್ಕೆ ಇಳಿದಿತ್ತು. ಹೆಸರು, ಶೌರ್ಯ, ದಯೆ, ಸ್ಥಳೀಯರ ಪ್ರೀತಿ, ಎಲ್ಲವೂ! ಶ್ರೀರಂಗಪಟ್ಟಣದವರು ಕ್ಯಾಪ್ಟನ್ನರ ಪ್ರಾಣವನ್ನಷ್ಟೇ ತೆಗೆದಿದ್ದರು. ನಾನು ಹೆಸರನ್ನೂ ಉಳಿಸಲಿಲ್ಲ.

ದೋಹಾಕ್ಕೆ ಮರಳಿ, ಕ್ಯಾಮೆರಾದ ರೋಲ್ ತೊಳೆಸಿ ತಂದು, ಲಕೋಟೆ ಬಿಡಿಸಿದೆ. ವಲೇರಿಯನ್ ಫೋಟೋ ಕಿತ್ತುಕೊಂಡು ಹೊಟ್ಟೆ ಹಿಡಿದು ನಗತೊಡಗಿದ. ತಗಡಿನ ಮೇಲ್ಗಡೆ ಗೋಡೆಯ ಕಲ್ಲಿನಲ್ಲಿ ಕೆತ್ತಿದ್ದ 'ಪ್ರೀತಿಯ ನೆನಪಿಗೆ' ಎಂಬ ಸಾಲು ಸ್ಪಷ್ಟವಾಗಿತ್ತು. ಅದರ ಕೆಳಗೆ, ಕನ್ನಡಿಯಂತೆ ಹೊಳೆಯುವ ಹಿತ್ತಾಳೆಯ ನಡುವೆ, ಕ್ಯಾಮೆರಾ ಹಿಡಿದು ಹಲ್ಲು ಬಿಟ್ಟ ನಾನು!

"ಎಂತದಾ ಇದು? ಜೀವ ಇರುವಾಗಲೇ ಸ್ಮಾರಕ ಕಟ್ಟಿಸ್ಕೊಂಡ್ಯಲ್ಲ ಮಾರಾಯ!"

ಮರುದಿನ ಸಾಹೇಬರು ಫೋಟೋವನ್ನು ಬಹಳ ಹೊತ್ತು ನೋಡಿದರು. ಚರ್ಚಿನಿಂದ ಅವರಿಗೆ ಆಗಲೇ ಫೋನ್ ಬಂದಿತ್ತು.

"ಈತ ನಮ್ಮ ವಂಶದವನಲ್ಲ."

"ಅಲ್ಲ ಸರ್. ಸ್ಥಳೀಯ."

"ಕ್ಯಾಪ್ಟನ್ ಎಲ್ಲಿ?"

"ಅಲ್ಲೇ ಇದ್ದಾರೆ ಸರ್. ಕೈಯಿಂದ ತಡವಿದರೆ ಸಿಗುತ್ತಾರೆ."

ಸಾಹೇಬರ ಮುಖ ಟೊಮೆಟೊ ಆಯಿತು. ವಸುಧಾ ಇನ್ನು ಮೈಸೂರಿನಲ್ಲೇ ಮುದುಕಿಯಾಗುತ್ತಾಳೆಂದುಕೊಂಡೆ.

"ನಿನ್ನ ಹೆಂಡತಿ ಮನೆಯಲ್ಲಿ ಇಂಥದ್ದಕ್ಕೆಲ್ಲ ಬಿಡುತ್ತಾಳೆಯೇ?"

"ಪಾತ್ರೆ ಮುಟ್ಟಲೂ ಬಿಡುವುದಿಲ್ಲ ಸರ್."

ತಕ್ಷಣ ಪೆನ್ನು ತೆಗೆದರು. ಕಾಗದ ಓದಲೂ ಇಲ್ಲ. ಸಹಿ ಹಾಕಿ ನನ್ನತ್ತ ತಳ್ಳಿದರು. "ಮುಂದಿನ ವಿಮಾನದಲ್ಲೇ ಕರೆಸಿಕೋ. ಯಲ್ಲಾ, ಹೊರಡು!"

ಸಂಜೆ ವಸುಧಾಳಿಗೆ ಫೋನ್ ಮಾಡಿದೆ.

"ಸಹಿ ಆಯ್ತಾ ರೀ? ನಿಮ್ಮ ಕೆಲಸ ಮೆಚ್ಕೊಂಡು ತಾನೆ?"

"ಇನ್ನೇನು ಮತ್ತೆ? ನಾನು ಒಬ್ಬನೇ ಇರೋದನ್ನ ಅವರ ಕೈಲಿ ನೋಡೋಕಾಗ್ಲಿಲ್ವಂತೆ."

"ಅಯ್ಯೋ, ಎಂಥ ದೇವರಂಥ ಮನುಷ್ಯ!" ಎಂದಳು ಅವಳು.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನನ್ನು ಒಬ್ಬನೇ ಬಿಡಲು ಅಷ್ಟು ಹೊತ್ತಿಗೆ ಇಡೀ ಕಚೇರಿಯೇ ಹೆದರುತ್ತಿತ್ತು!