ಉಪವಾಸ ಸಾಯಬೇಕಿದ್ದ ಗಿರಿಜೆ

ಕಥೆಯೊಳಗೆ ಒಬ್ಬರನ್ನು ಸಾಯಿಸಬೇಕಾದರೆ ಪುರುಸೊತ್ತು ಬೇಕು, ಮಕ್ಕಳೇ. ಬದುಕಿಸುವುದೇನೋ ಒಲೆಯ ಮುಂದೆ ಕೂತು ಸಾರಿಗೆ ಒಗ್ಗರಣೆ ಹಾಕುತ್ತಲೂ ಮಾಡಬಹುದು. ಸಾವಿಗೆ ಮಾತ್ರ ಕಣ್ಣೀರು ಬರುವಷ್ಟು ಹೊತ್ತು ಬೇಕು. ಮಧ್ಯದಲ್ಲಿ ಯಾರೂ ಬಂದು ಉಪ್ಪಿನಕಾಯಿ ಭರಣಿ ಎಲ್ಲಿಟ್ಟೆ ಎಂದು ಕೇಳಬಾರದು. ಅಂಥ ಹೊತ್ತು ನನಗೆ ಸಿಕ್ಕಲೇ ಇಲ್ಲ. ನಿಮ್ಮ ಅಜ್ಜಿ ದೊಡ್ಡ ಕಥೆಗಾರ್ತಿಯಾಗದೆ ಹೋದದ್ದಕ್ಕೆ ಇದೇ ಕಾರಣವೆಂದು ನಾನು ಹೇಳಿಕೊಳ್ಳುತ್ತಿರುತ್ತೇನೆ. ಬುದ್ಧಿ ಸಾಲದು ಎಂಬ ಇನ್ನೊಂದು ಕಾರಣವನ್ನು ಬೇರೆಯವರು ಹೇಳಲಿ ಎಂದು ಬಿಟ್ಟಿದ್ದೇನೆ.

ನಾನು ಓದಿದ್ದು ಗೋಣಿಬೀಡಿನ ಶಾಲೆಯಲ್ಲಿ, ಅದೂ ನಾಲ್ಕನೆಯ ತರಗತಿಯವರೆಗೆ. ಜನರ ಮುಂದೆ ಬಾಯಿ ಬಿಡಲು ಆಗಲೂ ನಾಚಿಕೆ, ಈಗಲೂ ನಾಚಿಕೆ. ಕಾಗದದ ಮುಂದೆ ಕೂತರೆ ಮಾತ್ರ ಆ ನಾಚಿಕೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಮದುವೆಯಾಗಿ ಮಲ್ಲಂದೂರಿನ ಹತ್ತಿರದ ಒಂದು ಕಾಫಿ ತೋಟಕ್ಕೆ ಬಂದೆ. ನಿಮ್ಮ ಅಜ್ಜ ಅಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದರು. ಈಗಿನ ಹಾಗೆ ಯುದ್ಧ ಬಂದು ಕಾಗದಕ್ಕೆ ಬರ ಬಂದಿರಲಿಲ್ಲ. ಆಫೀಸಿನಲ್ಲಿ ಒಂದು ಮಗ್ಗುಲು ಬರೆದು ಬಿಸಾಕಿದ ಹಾಳೆಗಳನ್ನು ನನಗೆಂದು ತರುತ್ತಿದ್ದರು. ಮಾಲೀಕರ ಬಂಗಲೆಯವರು ಓದಿ ಬಿಟ್ಟ ಮೈಸೂರಿನ ಮಾಸಪತ್ರಿಕೆಗಳನ್ನೂ ತರುತ್ತಿದ್ದರು. ಆ ಪತ್ರಿಕೆಗಳ ಕಥೆಗಳಲ್ಲಿ ಹೆಂಗಸರು ಬಹಳ ಸಾಯುತ್ತಿದ್ದರು. ಕೆಲವರು ಕೆರೆಗೆ ಬಿದ್ದು, ಕೆಲವರು ಕ್ಷಯ ಹಿಡಿದು, ಇನ್ನು ಕೆಲವರು ಸುಮ್ಮನೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು. ಓದಿ ಓದಿ ಅತ್ತ ಮೇಲೆ, ನಾನೂ ಒಬ್ಬಳನ್ನು ಸಾಯಿಸಿ ಮೈಸೂರಿನ ಕಡೆಯವರನ್ನೆಲ್ಲ ಅಳಿಸಬೇಕೆಂಬ ಆಸೆ ಹುಟ್ಟಿತು. ಗಿರಿಜೆ ಹುಟ್ಟಿದ್ದು ಹಾಗೆ. ಅವಳು ಸಂಸೆ ಊರಿನ ಒಂದು ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಹೊಟ್ಟೆಗೆ ಹಾಕುವುದಿಲ್ಲ. ಕೊನೆಗೆ ಅನ್ನಕ್ಕಿಂತ ಮಾನ ದೊಡ್ಡದೆಂದು ಗಿರಿಜೆ ತಾನೇ ಊಟ ಬಿಟ್ಟು ಪ್ರಾಣ ಬಿಡಬೇಕು. ಸಾವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮುಗಿಸಿದೆ.

ಆದರೆ ಗಿರಿಜೆಯೊಬ್ಬಳೇ ನನ್ನ ಉದ್ಯೋಗವಾಗಿರಲಿಲ್ಲ. ಕಾಫಿಯ ಕಣ ನಮ್ಮ ಮನೆಯ ಎದುರಿಗೇ ಇತ್ತು. ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಬೀಜ ಹರವಿ ಒಣಗಿಸುವಾಗ ಕೈಯಾಡಿಸುವ ಹೆಂಗಸರ ಮೇಲೆ ಒಂದು ಕಣ್ಣಿಟ್ಟಿರುವುದು, ಮಂಜು ಇಳಿಯುವ ಮೊದಲು ರಾಶಿ ಮಾಡಿಸಿ ಚಾಪೆ ಮುಚ್ಚಿಸುವುದು ನನ್ನ ಪಾಲಿಗೆ ಬಂದಿತ್ತು. ಒಳ್ಳೆಯ ವಾಕ್ಯಗಳೆಲ್ಲ ಹೊಳೆಯುತ್ತಿದ್ದುದು ಸರಿಯಾಗಿ ಆ ಮಂಜು ಇಳಿಯುವ ಹೊತ್ತಿಗೆ. ರಾಶಿ ಮುಚ್ಚಿಸಿ ಒಳಗೆ ಬರುವಷ್ಟರಲ್ಲಿ ವಾಕ್ಯವೂ ಮುಚ್ಚಿಹೋಗಿರುತ್ತಿತ್ತು. ಇದರ ಮೇಲೆ, ಹಾಡು-ಹಸೆ ಬಲ್ಲವಳೆಂದು ಸುತ್ತಿನ ಮದುವೆಗಳಿಂದ ಕರೆ ಬೇರೆ. ಮಾತಾಡಲು ನಾಚುವ ನಾನು ಹಾಡಲು ನಾಚುತ್ತಿರಲಿಲ್ಲ. ಹಾಡುವಾಗ ಎಲ್ಲರೂ ಮದುವಣಗಿತ್ತಿಯನ್ನು ನೋಡುತ್ತಾರೆ, ನನ್ನನ್ನಲ್ಲ. ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹಾಡು ಹೇಳುತ್ತಿದ್ದಾಗ, ಗಿರಿಜೆ ಸಾಯುವ ಮೊದಲು ಯಾವ ಮಾತಾಡಬೇಕೆಂಬುದು ಥಟ್ಟನೆ ಹೊಳೆಯಿತು. ಕಣ್ಣಲ್ಲಿ ನೀರು ಬಂತು. ನನ್ನನ್ನು ನೋಡಿ ಚಪ್ಪರದವರೆಲ್ಲ ಅತ್ತರು. ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು, ಹೆತ್ತವರಿಗೂ ಇಷ್ಟು ಅಂತಃಕರಣ ಇರುವುದಿಲ್ಲ ಎಂದು ಹೇಳಿ ಮಡಿಲಿಗೆ ಕೊಬ್ಬರಿ ಹೆಚ್ಚಿಗೆ ಹಾಕಿದರು. ನಾನು ತೆಪ್ಪಗೆ ಮನೆಗೆ ತಂದು ಚಟ್ನಿಪುಡಿ ಮಾಡಿದೆ. ಆ ಕೊನೆಯ ಮಾತು ಮಾತ್ರ ದಾರಿಯಲ್ಲೇ ಮರೆತುಹೋಗಿತ್ತು.

ಆ ಬೇಸಿಗೆಯಲ್ಲಿ ಸರಸಿಗೆ ಚಳಿಜ್ವರ ಬಂತು. ಸರಸಿ ಎಂದರೆ ನಿಮ್ಮ ಅಮ್ಮ. ಆಗ ಐದು ವರ್ಷದ ಮಗು. ಜ್ವರವೇನೋ ಬಿಟ್ಟಿತು, ಆದರೆ ಬಾಯಿರುಚಿಯನ್ನೂ ಕರೆದುಕೊಂಡು ಹೋಯಿತು. ಕ್ವಿನೈನಿನ ಕಹಿ ನಾಲಿಗೆಗೆ ಅಂಟಿ, ಏನು ಕೊಟ್ಟರೂ ಮುಖ ತಿರುಗಿಸುವಳು. ಮೂಡಿಗೆರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇನ್ನು ಅನ್ನವೇ ಔಷಧ, ಹೀಗೇ ಉಪವಾಸವಿದ್ದು ಜ್ವರ ಮರುಕಳಿಸಿದರೆ ತಡೆದುಕೊಳ್ಳುವ ಶಕ್ತಿ ಮಗುವಿಗಿಲ್ಲ ಎಂದರು. ತೋಟದ ಆಳುಗಳ ಸಾಲುಮನೆಗಳಲ್ಲಿ ಹಾಗೆ ಹೋದ ಮಕ್ಕಳನ್ನು ನಾನು ನೋಡಿದ್ದೆ. ಸರಸಿಯ ಕೈ ಬಳೆಗಿಂತ ಸಣ್ಣಗಾಗಿ, ಬಳೆಗಳು ಜಾರಿ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದವು. ಅದನ್ನು ನೆನೆದರೆ ನನಗೆ ಇವತ್ತಿಗೂ ತಮಾಷೆ ಮಾಡಲು ಬರುವುದಿಲ್ಲ.

ಹುಲಿಯ ಕಥೆ, ನರಿಯ ಕಥೆ, ಏಳು ಸಮುದ್ರದಾಚೆಯ ಗಿಳಿಯ ಕಥೆ ಎಲ್ಲ ಹೇಳಿದೆ. ಕೇಳಿದಳೇ ಹೊರತು ಬಾಯಿ ತೆರೆಯಲಿಲ್ಲ. ಬೇರೇನೂ ತೋಚದೆ ಒಂದು ಮಧ್ಯಾಹ್ನ ಗಿರಿಜೆಯ ಕಥೆ ಶುರುಮಾಡಿದೆ. ಅತ್ತೆ ಊಟಕ್ಕೆ ಕರೆಯಲಿಲ್ಲ, ಗಿರಿಜೆ ಹಿತ್ತಿಲ ಬಾಗಿಲಲ್ಲಿ ಒಬ್ಬಳೇ ಕೂತಿದ್ದಾಳೆ ಎನ್ನುವಲ್ಲಿಗೆ ಬರುವಾಗ ಸರಸಿ ಗಂಜಿಯ ಬಟ್ಟಲನ್ನು ತಳ್ಳಿದಳು.

"ಅವ್ಳು ಉಂಡಿಲ್ವಲ್ಲ. ನಂಗೂ ಬ್ಯಾಡ."

ನಾನು ಬಟ್ಟಲನ್ನು ಮತ್ತೆ ಅವಳ ಮುಂದಿಟ್ಟೆ. "ಉಣ್ತಾಳೆ ತಡಿ ಮಗಾ, ನೆರೆಮನೆಯವ್ರು ಗಂಜಿ ತಂದ್ರು ನೋಡು" ಎಂದೆ. ಗಿರಿಜೆ ಒಂದು ಗುಟುಕು ಕುಡಿದಳು. ಸರಸಿಯೂ ಒಂದು ಗುಟುಕು ಕುಡಿದಳು. ಅಷ್ಟು ದಿನದಲ್ಲಿ ಅವಳು ತಾನಾಗಿ ನುಂಗಿದ ಮೊದಲ ಗುಟುಕು ಅದು.

ನನ್ನ ಅತ್ತೆ ಮೂಲೆಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನನ್ನ ಕಥೆಯಲ್ಲಿ ಒಬ್ಬಳು ಕೆಟ್ಟ ಅತ್ತೆ ಇದ್ದಾಳೆಂಬ ವಾಸನೆ ಅವರಿಗೆ ಮೊದಲೇ ಹತ್ತಿತ್ತು. ಮೊರ ಕೆಳಗಿಟ್ಟು ಕೇಳಿದರು:

"ಅಲ್ಲ ಮಾರಾಯ್ತಿ, ನೆರೆಮನೆಯವ್ರು ಯಾಕೆ ತಂದ್ಕೊಡ್ಬೇಕು? ಆ ಮನೇಲಿ ಅತ್ತೆ ಅನ್ನೋಳು ಕೈ ಬಿದ್ದೋಗಿ ಕೂತಿದಾಳಾ?"

ಇದು ಬರೀ ಕಥೆ ಎಂದು ನಾನು ಮೆಲ್ಲಗೆ ಹೇಳಿದೆ.

"ಕಥೆ ಅಂತ ನಂಗೆ ಗೊತ್ತು. ಕೇಳೋರಿಗೆ ಗೊತ್ತಿರ್ಬೇಕಲ್ಲ."

ಮಾರನೆಯ ದಿನದಿಂದ ಕಥೆಯಲ್ಲಿ ಗಿರಿಜೆಗೆ ಅತ್ತೆಯೇ ಬಡಿಸತೊಡಗಿದಳು. ಗಿರಿಜೆ ಉಂಡದ್ದನ್ನೇ ಸರಸಿಯೂ ಉಣ್ಣಬೇಕು; ಗಿರಿಜೆ ಉಣ್ಣುವುದನ್ನು ನಮ್ಮ ಮನೆಯಲ್ಲಿ ಯಾರಾದರೂ ಬೇಯಿಸಲೇಬೇಕು. ಆ ಕೆಲಸವನ್ನು ಅತ್ತೆಯವರು ಪಂಥ ಕಟ್ಟಿದವರಂತೆ ಹಿಡಿದರು. ನಾಳೆ ಗಿರಿಜೆ ಏನು ಉಣ್ಣುತ್ತಾಳೆಂದು ನನ್ನನ್ನು ಮುಂಚೆಯೇ ಕೇಳುವರು, ಅಕ್ಕಿ ನೆನೆಹಾಕಬೇಕಲ್ಲ. ಹಾಗೆ ನನ್ನ ದುಃಖದ ಕಥಾನಾಯಕಿ ಗಂಜಿಯಿಂದ ಮೆತ್ತನೆಯ ಅನ್ನಕ್ಕೆ, ಅಲ್ಲಿಂದ ತುಪ್ಪ ಸವರಿದ ಅಕ್ಕಿರೊಟ್ಟಿಗೆ, ಅಲ್ಲಿಂದ ಕಡುಬಿಗೆ ಏರಿದಳು. ನಿಮ್ಮ ಅಜ್ಜನಿಗಂತೂ ಈ ಸಾಹಿತ್ಯ ಬಹಳ ಹಿಡಿಸಿತು. ಮಧ್ಯಾಹ್ನ ಎಲೆಯ ಮುಂದೆ ಕೂತು, ನಿನ್ನ ಗಿರಿಜೆಗೆ ಹೋಳಿಗೆ ಕಂಡರೆ ಆಗುವುದಿಲ್ಲವೋ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು.

ಮಳೆ ಹಿಡಿಯುವ ಹೊತ್ತಿಗೆ ಸರಸಿಯ ಕೆನ್ನೆ ತುಂಬಿತು, ಬಳೆ ಕೈಯಲ್ಲಿ ನಿಂತಿತು. ಜ್ವರ ಇನ್ನೊಂದು ಸಲ ಬಂದು ನೋಡಿತು. ಅವಳನ್ನು ಅಲುಗಾಡಿಸಲಾಗದೆ ಹೋಯಿತು. ಆಗ ನನ್ನ ಹಳೆಯ ಆಸೆ ತಲೆಯೆತ್ತಿತು. ರೊಟ್ಟಿ ತಿನ್ನುತ್ತಿದ್ದವಳನ್ನು, ಇನ್ನು ಗಿರಿಜೆ ಸಾಯಬಹುದೇ ಎಂದು ಕೇಳಿದೆ. ಅವಳು ಜಗಿಯುತ್ತಾ ಯೋಚನೆ ಮಾಡಿದಳು.

"ಸಾಯ್ಲಿ. ಉಂಡ್ಕೊಂಡು ಸಾಯ್ಲಿ."

ಒಪ್ಪಿಗೆ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಅತ್ತೆಯವರು ಒಲೆಯ ಕಡೆಯಿಂದ ತಿರುಗಿದರು.

"ಎಂಥ ಮಾತು ಅಂತ ಆಡ್ತೀಯೆ? ಬಡ್ಸಿದ್ದು ಅತ್ತೆ. ಉಂಡು ಕೈ ತೊಳ್ಯೋದ್ರೊಳ್ಗೆ ಸತ್ಲು ಅಂದ್ರೆ ಜನ ಏನಂತಾರೆ? ಅನ್ನಕ್ಕೆ ಏನೋ ಬೆರ್ಸಿದ್ಲು ಅಂತಾರೆ. ಬದುಕ್ಲಿ ಬಿಡು ಮಾರಾಯ್ತಿ, ನಿಂಗೇನು ಭಾರ?"

ಉಣ್ಣದೆ ಸಾಯಲು ಮಗಳು ಬಿಡಳು, ಉಂಡು ಸಾಯಲು ಅತ್ತೆ ಬಿಡರು. ಮೈಸೂರಿನ ಕಡೆಯವರು ಅಳದೆ ಉಳಿದರು. ಕಥೆ ಬರೆಯುವುದರಿಂದ ಲೋಕಕ್ಕೇನು ಪ್ರಯೋಜನ ಎಂದು ಈಗ ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ, ನಿಮ್ಮ ಅಮ್ಮನ ಕಡೆ ಬೆರಳು ತೋರಿಸುತ್ತೇನೆ. ಆ ಪ್ರಯೋಜನ ಈಗ ಸ್ವಲ್ಪ ಹೆಚ್ಚೇ ದುಂಡಗಾಗಿರುವುದರಿಂದ ಅವಳಿಗೆ ಸಿಟ್ಟು ಬರುತ್ತದೆ.

ಹಾಗೆಂದು ನಾನು ಒಮ್ಮೆಗೇ ಸೋಲೊಪ್ಪಲಿಲ್ಲ. ಮಳೆ ಬಿಟ್ಟು ಹೊಳವಾದ ಒಂದು ದಿನ ಸರಸಿ ಕಣದಲ್ಲಿ ಆಡಲು ಹೋಗಿದ್ದಳು, ಅತ್ತೆಯವರು ಮಲಗಿದ್ದರು. ಇವತ್ತು ಯಾರನ್ನೂ ಕೇಳದೆ ಮುಗಿಸಿಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಲೇಖನಿ ಹಿಡಿದೆ. ಗಿರಿಜೆಯನ್ನು ಹಿತ್ತಿಲ ಬಾಗಿಲಲ್ಲಿ ಕೂರಿಸಿದೆ, ಕಣ್ಣಲ್ಲಿ ನೀರು ತುಂಬಿಸಿದೆ, ಇನ್ನು ಕೊನೆಯ ಮಾತು ಆಡು ತಾಯಿ ಎಂದು ಕಾದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ರಾತ್ರಿಗೆ ಏನು ಅಡಿಗೆ ಎಂದಳು. ನಾನು ಎದ್ದು ಹೋಗಿ ಅಕ್ಕಿ ತೊಳೆದೆ.